ಬೆಂಕಿಯ ಗೆರೆ ಎಳೆಯುವ ಗುಂಡು

ಸುಗ್ಗಿ ಮುಗಿದು ಕಣಕಿಯ ಬಣವೆ ಒಟ್ಟಿದ ಮೇಲೆ ರೈತನಿಗೆ ಬೆಂಕಿಯ ಚಿಂತೆ ತಪ್ಪಿದ್ದಲ್ಲ. ಬೀಡಿಯ ತುಂಡು, ಒಲೆಯ ಕಿಡಿ, ಬದುವಿನ ಕಸಕ್ಕೆ ಹಚ್ಚಿದ ಉರಿ, ಇವುಗಳ ಅಪಾಯವನ್ನು ನಾವೆಲ್ಲ ಬಲ್ಲೆವು. ಆದರೆ ಬಂದೂಕಿನ ಗುಂಡೊಂದು ಸಾವಿರಾರು ಎಕರೆ ಕುರುಚಲು ಕಾಡನ್ನು ಸುಟ್ಟುಬಿಡಬಲ್ಲದೆಂದರೆ ಅನೇಕರು ನಂಬಲಿಕ್ಕಿಲ್ಲ. ಸೈನ್ಯಗಳು ಬಳಸುವ ‘ಟ್ರೇಸರ್’ ಎಂಬ ಜಾತಿಯ ಗುಂಡಿಗೆ ಈ ದುರ್ಗುಣವಿದೆ.

ಸಾಮಾನ್ಯ ಗುಂಡು ಹಾರುವುದು ಕಣ್ಣಿಗೆ ಕಾಣುವುದಿಲ್ಲ. ಅದು ಎತ್ತ ಹೋಯಿತೆಂಬುದು ಹೊಡೆದವನಿಗೂ ತಿಳಿಯದು. ಈ ಕೊರತೆಯನ್ನು ನೀಗಿಸಲು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟ್ರೇಸರ್ ಗುಂಡು ಬಳಕೆಗೆ ಬಂದಿತು. ಇದರ ಹಿಂಬದಿಯಲ್ಲಿ ಒಂದು ಪೊಳ್ಳು ಇರುತ್ತದೆ. ಅದರೊಳಗೆ ಮೆಗ್ನೀಸಿಯಂ ಪುಡಿಯನ್ನೂ ಸ್ಟ್ರಾನ್ಷಿಯಂ ಲವಣವನ್ನೂ ಕಲಸಿ ಗಟ್ಟಿಯಾಗಿ ತುಂಬಿರುತ್ತಾರೆ. ಬಂದೂಕಿನ ಮದ್ದು ಸಿಡಿದಾಗ ಈ ಮಿಶ್ರಣಕ್ಕೂ ಬೆಂಕಿ ತಗಲಿ, ಗುಂಡು ಕೆಂಪು ಗೆರೆ ಎಳೆಯುತ್ತ ಸಾಗುತ್ತದೆ. ಸ್ಟ್ರಾನ್ಷಿಯಮ್ಮಿನ ಬದಲು ಬೇರಿಯಂ ಲವಣ ಹಾಕಿದರೆ ಗೆರೆ ಹಸಿರಾಗುತ್ತದೆ. ದೀಪಾವಳಿಯ ಬಣ್ಣದ ಮತಾಪಿನಲ್ಲಿ ಇರುವುದೂ ಇದೇ ತತ್ತ್ವ. ಮೆಷಿನ್‌ಗನ್ನಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಐದು ಗುಂಡುಗಳಿಗೆ ಒಂದರಂತೆ ಇದನ್ನು ಸೇರಿಸುವುದುಂಟು.

ಇದರ ಕುಂದುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದಾಗಿ, ಗುಂಡಿನ ದಾರಿ ಹೊಡೆದವನಿಗೆ ಕಂಡಂತೆ ಶತ್ರುವಿಗೂ ಕಾಣುತ್ತದೆ. ಆ ಗೆರೆಯ ಬುಡ ಹಿಡಿದು ಅವನು ಇವನ ಅಡಗುದಾಣವನ್ನು ಪತ್ತೆಹಚ್ಚಬಹುದು. ಎರಡನೆಯದಾಗಿ, ಒಳಗಿನ ಮಿಶ್ರಣ ಉರಿದಂತೆಲ್ಲ ಗುಂಡು ಹಗುರವಾಗುತ್ತದೆ. ಆದುದರಿಂದ ದೂರಕ್ಕೆ ಹೋದಂತೆ ಅದರ ದಾರಿಯೂ ಜೊತೆಯ ಸಾಮಾನ್ಯ ಗುಂಡಿನ ದಾರಿಯೂ ಒಂದೇ ಆಗಿರುವುದಿಲ್ಲ. ಗೆರೆಯನ್ನೇ ನಂಬಿ ಗುರಿಯಿಟ್ಟವನು ಮೋಸಹೋಗುತ್ತಾನೆ. ಮೂರನೆಯದೇ ನಮಗೆ ಮುಖ್ಯವಾದದ್ದು. ಗುಂಡು ಕಲ್ಲಿಗೆ ಬಡಿದು ಎತ್ತಲೋ ಪುಟಿದಾಗ, ಅದರ ಉರಿ ಆರದಿದ್ದರೆ ಬೆಂಕಿಯೂ ಅದರೊಡನೆ ಹೋಗಿ ಬೀಳುತ್ತದೆ. ಉರಿಯಲು ಬೇಕಾದ ಆಮ್ಲಜನಕ ಮಿಶ್ರಣದಲ್ಲಿಯೇ ಇರುವುದರಿಂದ ಅದಕ್ಕೆ ಹೊರಗಿನ ಗಾಳಿಯ ಹಂಗಿಲ್ಲ. ಉರಿಯುವುದು ಕೆಲವೇ ಕ್ಷಣವಾದರೂ ಒಣಹುಲ್ಲಿಗೆ ಅಷ್ಟೇ ಸಾಕು.

ಫ್ರಾನ್ಸ್ ದೇಶದ ಮಾರ್ಸೆ ನಗರದಲ್ಲಿ ನಡೆದ ಸಂಗತಿ ಇದಕ್ಕೆ ಸಾಕ್ಷಿ. ಆ ಊರಿನ ಹೊರವಲಯದ ಗುಡ್ಡಗಳಲ್ಲಿ ಕಾರ್ಪಿಯಾನ್ಯ ಎಂಬ ಸೈನಿಕ ಶಿಬಿರವಿದೆ. 2009ನೆಯ ಇಸವಿ ಜುಲೈ 22ರಂದು ಅಲ್ಲಿ ಅಭ್ಯಾಸದ ವೇಳೆ ಟ್ರೇಸರ್ ಗುಂಡು ಹಾರಿಸಿದರು. ಜುಲೈ ಆ ನಾಡಿನಲ್ಲಿ ಕಡುಬೇಸಿಗೆ. ಗುಡ್ಡದ ಕುರುಚಲು ಗಿಡಗಳೆಲ್ಲ ಒಣಗಿ ನಿಂತಿರುತ್ತವೆ. ಹೊತ್ತಿದ ಬೆಂಕಿ ಗಾಳಿಗೆ ಸಿಕ್ಕಿ ನಗರದ ಅಂಚಿನ ಮನೆಗಳವರೆಗೂ ಬಂದಿತು. ಸಾವಿರ ಹೆಕ್ಟೇರಿಗೂ ಮಿಕ್ಕಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2,500 ಎಕರೆ, ಸುಟ್ಟುಹೋಯಿತು. ಬೇಸಿಗೆಯಲ್ಲಿ ಅಲ್ಲಿ ಈ ಗುಂಡನ್ನು ಹಾರಿಸಕೂಡದೆಂಬ ನಿಯಮ ಮೊದಲೇ ಇತ್ತು. ನಿಯಮವಿದ್ದರೆ ಸಾಲದು, ಪಾಲಿಸುವವರೂ ಬೇಕು.

ನಾವು ತಿಳಿಯಬೇಕಾದುದೇನು? ನಮ್ಮ ದೇಶದಲ್ಲಿ ಸೈನ್ಯವು ಹೊಲ, ಮಡ್ಡಿಗಳಲ್ಲಿ ಗುಂಡು ಹಾರಿಸುವ ಅಭ್ಯಾಸ ನಡೆಸುವುದಕ್ಕೆ 1938ನೆಯ ಇಸವಿಯ ಕಾಯಿದೆಯೊಂದಿದೆ. ಅಂಥ ಅಭ್ಯಾಸದಿಂದ ಆಸ್ತಿಗೆ ನಷ್ಟವಾದರೆ ಪರಿಹಾರ ಕೊಡಬೇಕೆಂದು ಅದರಲ್ಲಿ ಹೇಳಿದೆ. ಚಾಂದಮಾರಿಯ ನೆರೆಯ ಹಳ್ಳಿಯವರು ಅಭ್ಯಾಸದ ದಿನಗಳನ್ನು ಮುಂಚಿತವಾಗಿ ವಿಚಾರಿಸಿಕೊಂಡು, ಆ ಹೊತ್ತು ದನಗಳನ್ನು ಅತ್ತ ಬಿಡದಿರುವುದು ಒಳ್ಳೆಯದು. ಬೆಳೆಯೋ ಬಣವೆಯೋ ಸುಟ್ಟರೆ ತಡಮಾಡದೆ ತಲಾಟಿಗೆ ತಿಳಿಸಿ ಪಂಚನಾಮೆ ಮಾಡಿಸಬೇಕು.

ಇನ್ನೊಂದು ಮಾತನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಿರಿ. ಟ್ರೇಸರ್ ಕಾಡತೂಸಿನ ತುದಿಗೆ ಗುರುತಿಗಾಗಿ ಬಣ್ಣ ಬಳಿದಿರುತ್ತಾರೆ. ಒಂದೊಂದು ಸೈನ್ಯದ್ದು ಒಂದೊಂದು ಬಣ್ಣ. ಚೆಂದ ಕಂಡಿತೆಂದು ಎತ್ತಿಕೊಳ್ಳುವುದು, ಹಿತ್ತಾಳೆಯ ಆಸೆಗೆ ಕಲ್ಲಿನಿಂದ ಜಜ್ಜುವುದು, ಒಲೆಗೆ ಹಾಕಿ ನೋಡುವುದು, ಇವೆಲ್ಲ ಪ್ರಾಣಕ್ಕೆ ಎರವಾಗುವ ಆಟಗಳು. ಹಾರಿಬಿದ್ದ ಗುಂಡಿನಲ್ಲಿಯೂ ಉರಿಯದ ಮದ್ದು ಉಳಿದಿರಬಹುದು. ಕಂಡಲ್ಲಿಯೇ ಬಿಟ್ಟು, ಗುರುತಿಗೆ ಸ್ವಲ್ಪ ದೂರದಲ್ಲಿ ಒಂದು ಕೋಲು ನೆಟ್ಟು, ಪೊಲೀಸ್ ಠಾಣೆಗೆ ಸುದ್ದಿ ಕೊಡಬೇಕು.

ಕಿಡಿ ಯಾವ ಕಡೆಯಿಂದ ಬಂದರೂ ಬಣವೆಯ ರಕ್ಷಣೆಯ ಉಪಾಯ ಒಂದೇ. ಸುತ್ತಲೂ ಹತ್ತು ಹನ್ನೆರಡು ಹೆಜ್ಜೆ ಹುಲ್ಲು ಕೆತ್ತಿ ಬರಿನೆಲ ಮಾಡಿರಿ. ಎರಡು ಬಣವೆಗಳನ್ನು ಒಂದರ ಮಗ್ಗುಲಲ್ಲಿ ಒಂದು ಒಟ್ಟಬೇಡಿರಿ. ಒಂದು ದಿನದ ಈ ದುಡಿಮೆ ವರ್ಷದ ಮೇವನ್ನು ಕಾಯುತ್ತದೆ.