ಸಮನ್ಸ್ ಬಂದ ಮನೆಗೆ ಕಾನೂನು ನೆರವು: ಅರೆಕಾನೂನು ಸ್ವಯಂಸೇವಕರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು

ಮಂಡ್ಯ ಬಿಟ್ಟು ಮೈಸೂರಿನ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ಯಲಿಯೂರು ನಿಲ್ದಾಣವಿದೆ. ಜಿಲ್ಲಾ ನ್ಯಾಯಾಲಯಕ್ಕೆ ಇಷ್ಟು ಸಮೀಪದ ಗ್ರಾಮಗಳಲ್ಲಿಯೂ ನ್ಯಾಯಾಲಯದ ಕಾಗದವೊಂದು ಮನೆಗೆ ಬಂದಾಗ ಮುಂದೇನು ಮಾಡಬೇಕೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಉದಾಹರಣೆಗೆ, ಯಲಿಯೂರಿನ ವಿಧವೆಯೊಬ್ಬರಿಗೆ ಭಾವಮೈದುನರು ಹೂಡಿದ ಪಾಲುವಿಭಾಗದ ದಾವೆಯ ಸಮನ್ಸ್ ಬಂದಿದೆಯೆಂದು ಭಾವಿಸಬಹುದು. ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲಿಯೇ ಇದೆ, ಪೌತಿ ಖಾತೆಯಾಗಿಲ್ಲ. "ಸಹಿ ಹಾಕಬೇಡಮ್ಮ, ವಾಪಸ್ ಕಳಿಸಿಬಿಡು" ಎಂದು ನೆರೆಹೊರೆಯವರು ಹೇಳುತ್ತಾರೆ. ಕೆಲವೊಮ್ಮೆ ವಾರ್ಡಿನ ಸದಸ್ಯರೂ ಇದನ್ನೇ ಹೇಳುವುದುಂಟು.

ಈ ಸಲಹೆ ಆ ಮಹಿಳೆಗೆ ದೊಡ್ಡ ನಷ್ಟ ತರಬಲ್ಲದು. ಸಮನ್ಸ್ ಸ್ವೀಕರಿಸಲು ನಿರಾಕರಿಸಿದರೂ ಅದು ಜಾರಿಯಾಗಿದೆಯೆಂದೇ ನ್ಯಾಯಾಲಯವು ಪರಿಗಣಿಸಬಹುದು. ಸಮನ್ಸ್ ಜಾರಿಯಾದ 30 ದಿನಗಳೊಳಗೆ ಪ್ರತಿವಾದಿಯು ಲಿಖಿತ ಹೇಳಿಕೆ ಸಲ್ಲಿಸಬೇಕು. ಸಕಾರಣವಿದ್ದರೆ ನ್ಯಾಯಾಲಯವು ಈ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಹಾಜರಾಗದಿದ್ದಲ್ಲಿ ದಾವೆ ಏಕಪಕ್ಷೀಯವಾಗಿ ತೀರ್ಮಾನವಾಗುತ್ತದೆ. ಆ ಡಿಕ್ರಿಯನ್ನು ರದ್ದುಪಡಿಸುವಂತೆ ಅರ್ಜಿ ಸಲ್ಲಿಸಲು ಇರುವ ಅವಧಿಯೂ 30 ದಿನಗಳು ಮಾತ್ರ. ಬಡವರ ಪ್ರಕರಣಗಳು ಹಲವು ಬಾರಿ ಸೋಲುವುದು ವಾದದಲ್ಲಿ ಅಲ್ಲ, ದಿನಾಂಕದಲ್ಲಿ.

ಆ ಮಹಿಳೆಗೆ ವಕೀಲರನ್ನು ಉಚಿತವಾಗಿ ಒದಗಿಸುವ ವ್ಯವಸ್ಥೆ ಈಗಾಗಲೇ ಇದೆ. 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರ್ಪಡೆಯಾದ 39ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯನ್ನಾಗಿಸಿತು. ಇದನ್ನು ಕಾರ್ಯರೂಪಕ್ಕೆ ತರಲು ರಚಿಸಲಾದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಮಂಡ್ಯದಲ್ಲಿದೆ. ಮದ್ದೂರು, ಮಳವಳ್ಳಿ ಮುಂತಾದ ತಾಲ್ಲೂಕುಗಳಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳಿವೆ.

ಉಚಿತ ನೆರವು ಬಿಪಿಎಲ್ ಕಾರ್ಡ್ ಉಳ್ಳವರಿಗೆ ಮಾತ್ರ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅಧಿನಿಯಮದ 12ನೇ ಪ್ರಕರಣದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಕಳ್ಳಸಾಗಣೆ ಅಥವಾ ಜೀತಕ್ಕೆ ಬಲಿಯಾದವರು, ಪ್ರವಾಹ, ಬರ ಮುಂತಾದ ವಿಪತ್ತುಗಳಿಗೆ ತುತ್ತಾದವರು ಆದಾಯದ ಮಿತಿಯಿಲ್ಲದೆಯೇ ಅರ್ಹರು. ಉಳಿದವರಿಗೆ ಮಾತ್ರ ಆದಾಯದ ಮಿತಿ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಅದು ವಾರ್ಷಿಕ 3 ಲಕ್ಷ ರೂಪಾಯಿ. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯುತ್ತ ಕಾಲ ಕಳೆಯಬೇಕಾಗಿಲ್ಲ. ಆದಾಯದ ಬಗ್ಗೆ ಅರ್ಜಿದಾರರು ಸಲ್ಲಿಸುವ ಪ್ರಮಾಣಪತ್ರವನ್ನೇ, ಅಂದರೆ ಅಫಿಡವಿಟ್ಟನ್ನೇ, ಅದನ್ನು ನಂಬದಿರಲು ಕಾರಣವಿಲ್ಲದಿದ್ದರೆ, ಸಾಕೆಂದು ಪರಿಗಣಿಸಲು 13ನೇ ಪ್ರಕರಣದಲ್ಲಿ ಅವಕಾಶವಿದೆ. ವಕೀಲರ ಶುಲ್ಕವಲ್ಲದೆ ನ್ಯಾಯಾಲಯ ಶುಲ್ಕ ಮತ್ತು ದೃಢೀಕೃತ ನಕಲುಗಳ ವೆಚ್ಚವೂ ಈ ನೆರವಿನ ವ್ಯಾಪ್ತಿಗೆ ಬರುತ್ತವೆ.

ಹಾಗಿದ್ದರೂ ವಿ.ಸಿ. ನಾಲೆಯಲ್ಲಿ ನೀರು ಹರಿಯುತ್ತಿದ್ದಾಗಲೂ ಕೊನೆಯ ಭಾಗದ ಗದ್ದೆ ಒಣಗುವಂತೆ, ಈ ಸೌಲಭ್ಯ ಗ್ರಾಮದ ಕೊನೆಯ ಬೀದಿಯನ್ನು ಮುಟ್ಟುವುದಿಲ್ಲ. ಈ ಅಂತರವನ್ನು ತುಂಬಲೆಂದೇ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2009ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ಕಚೇರಿಗಳಲ್ಲಿ ಇವರನ್ನು ಪ್ಯಾರಾ ಲೀಗಲ್ ವಾಲಂಟಿಯರ್ ಎಂದೇ ಕರೆಯುವ ರೂಢಿಯಿದೆ. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸದಸ್ಯೆಯರು, ಕಾನೂನು ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳು ಮುಂತಾದವರನ್ನು ಜಿಲ್ಲಾ ಪ್ರಾಧಿಕಾರವು ಆಯ್ಕೆ ಮಾಡಿ ತರಬೇತಿ ನೀಡುತ್ತದೆ. ಅವರು ವಕೀಲರಲ್ಲ, ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ಬಂದ ಕಾಗದ ಯಾವುದು, ಕೊನೆಯ ದಿನಾಂಕ ಎಂದು, ಯಾವ ದಾಖಲೆ ಬೇಕು ಎಂಬುದನ್ನು ಗುರುತಿಸಿ, ಅರ್ಜಿ ಬರೆಯಿಸಿ, ಸಂಬಂಧಪಟ್ಟ ವ್ಯಕ್ತಿಯನ್ನು ಪ್ರಾಧಿಕಾರದ ವಕೀಲರ ಬಳಿಗೆ ತಲುಪಿಸುವುದು ಅವರ ಕೆಲಸ. ನೆರವು ಕೋರಿ ಬಂದವರಿಂದ ಹಣ ಪಡೆಯುವಂತಿಲ್ಲ.

ತರಬೇತಿಯ ಬೆಲೆ ತಿಳಿಯುವುದು ಸಹಿಯ ಹೊತ್ತಿನಲ್ಲಿ. ತವರಿನ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಹೆಣ್ಣುಮಕ್ಕಳಿಂದ, ಹಲವು ವೇಳೆ ಹಬ್ಬಕ್ಕೆಂದು ಬಂದಾಗಲೇ, ಸಹಿ ಪಡೆಯುವ ರೂಢಿ ಈ ಭಾಗದಲ್ಲಿ ಅಪರೂಪವೇನಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂಬುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅಧಿನಿಯಮವು ಹೇಳಿತು. ಆ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕ ಆಗಿರುವ ವಿಭಾಗಗಳಿಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಹಳೆಯ ವಿಭಾಗ ಪತ್ರ ಇದೆಯೇ, ಇದ್ದರೆ ನೋಂದಣಿಯಾಗಿದೆಯೇ ಎಂಬುದನ್ನು. ಇದನ್ನು ಬಲ್ಲ ಸ್ವಯಂಸೇವಕಿಯೊಬ್ಬರು ಸಹಿಗೆ ಮುಂಚೆ ಜೊತೆಗಿದ್ದರೆ, ಮುಂದೆ ಹತ್ತು ವರ್ಷ ನಡೆಯಬಹುದಾದ ದಾವೆಯೊಂದು ತಪ್ಪಬಹುದು.

ಕಿರುಸಾಲದ ವಿಷಯವೂ ಹೀಗೆಯೇ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಅಧ್ಯಾದೇಶ ಹೊರಡಿಸಿತು. ಅದರಲ್ಲಿ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಕಲ್ಪಿಸಲಾಯಿತು. "ಎಲ್ಲ ಸಂಘದ ಸಾಲವೂ ಮನ್ನಾ ಆಯಿತು" ಎಂಬ ಮಾತನ್ನು ಸದಸ್ಯರು ಹರಡಬಾರದು. ಸಾಲ ನೀಡಿದ ಸಂಸ್ಥೆ ಬ್ಯಾಂಕೇ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವೇ ಅಥವಾ ಪರವಾನಗಿಯೇ ಇಲ್ಲದ ಲೇವಾದೇವಿಯೇ ಎಂಬುದರ ಮೇಲೆ ಪರಿಹಾರದ ದಾರಿ ಬದಲಾಗುತ್ತದೆ. ಪಾಸ್ ಪುಸ್ತಕ ಮತ್ತು ರಸೀದಿಗಳನ್ನು ನೋಡದೆ ಯಾರೂ ಉತ್ತರ ಹೇಳಲಾಗದು.

ಉಚಿತ ವಕೀಲರು ಶ್ರದ್ಧೆಯಿಂದ ಕೆಲಸ ಮಾಡುವುದಿಲ್ಲ ಎಂಬ ಆಕ್ಷೇಪ ಸಂಪೂರ್ಣ ನಿರಾಧಾರವೆಂದು ಹೇಳಲಾಗದು. ಆದರೆ ಅದಕ್ಕೂ ದಾರಿಯಿದೆ. ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ ಪ್ರಾಧಿಕಾರವೇ ಶುಲ್ಕ ನೀಡುತ್ತದೆ. ಅವರು ಕಕ್ಷಿದಾರರಿಂದ ಹಣ ಕೇಳಿದರೆ ಅಥವಾ ವಾಯಿದೆಗೆ ಹಾಜರಾಗದಿದ್ದರೆ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ಲಿಖಿತ ದೂರು ನೀಡಬಹುದು. ಇದಲ್ಲದೆ ಯಾವುದೇ ಶುಲ್ಕ ಪಡೆಯದೆ ಸ್ವಇಚ್ಛೆಯಿಂದ ಪ್ರಕರಣ ನಡೆಸುವ ವಕೀಲರನ್ನು ಅರ್ಹ ಕಕ್ಷಿದಾರರೊಂದಿಗೆ ಜೋಡಿಸುವ 'ನ್ಯಾಯ ಬಂಧು' ಯೋಜನೆಯನ್ನೂ, ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ದೂರವಾಣಿ ಅಥವಾ ವಿಡಿಯೊದಲ್ಲಿ ವಕೀಲರ ಸಲಹೆ ಒದಗಿಸುವ 'ಟೆಲಿ-ಲಾ' ಯೋಜನೆಯನ್ನೂ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯು 2017ರಲ್ಲಿ ಆರಂಭಿಸಿತು.

ಸದಸ್ಯರ ಪಾತ್ರದಲ್ಲಿ ಸೂಕ್ಷ್ಮವಾದ ಅಂಶವೊಂದಿದೆ. ಅರಳಿಕಟ್ಟೆಯ ಮೇಲೆ ರಾಜಿ ಮಾಡಿಸುವ ಪರಂಪರೆ ಹಳೆಯದು. ಬದುವಿನ ತಕರಾರು, ದಾರಿಯ ತಕರಾರುಗಳಿಗೆ ಅದು ಒಳ್ಳೆಯದೇ. ಮಗುವಿನ ಮೇಲಿನ ಲೈಂಗಿಕ ಅಪರಾಧ, ಜಾತಿ ದೌರ್ಜನ್ಯದಂತಹ ಪ್ರಕರಣಗಳನ್ನು ಮಾತ್ರ ಕಟ್ಟೆಗೆ ತರಲೇಬಾರದು. ಪೋಕ್ಸೊ ಅಧಿನಿಯಮದಡಿ ಅಪರಾಧ ತಿಳಿದೂ ವರದಿ ಮಾಡದಿರುವುದೇ ಶಿಕ್ಷಾರ್ಹ. ರಾಜಿಗೆ ಅರ್ಹವಾದವುಗಳನ್ನು ಲೋಕ ಅದಾಲತ್‌ಗೆ ಒಯ್ದರೆ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲ ಬರುತ್ತದೆ, ಬಾಕಿ ದಾವೆಯಾಗಿದ್ದಲ್ಲಿ ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ರಾಜಿ ಪತ್ರವನ್ನು ಓದಿಸಿ, ಅರ್ಥವಾದ ನಂತರವೇ ಸಹಿ ಮಾಡಬೇಕು.

ಸ್ವಯಂಸೇವಕರ ಆಯ್ಕೆಗೆ ಸದಸ್ಯರು ತಮ್ಮ ಬೆಂಬಲಿಗರ ಹೆಸರುಗಳನ್ನು ಮುಂದಿಡುವುದು ಸಲ್ಲದು. ರಾಜಕೀಯ ಪಕ್ಷದಲ್ಲಿ ಸಕ್ರಿಯರಾಗಿರುವವರನ್ನು ಪಟ್ಟಿಯಿಂದ ಕೈಬಿಡಲು ಯೋಜನೆಯಲ್ಲಿಯೇ ಅವಕಾಶವಿದೆ. ಎದುರು ಗುಂಪಿನ ಮನೆಯವರೂ ನಂಬಿ ಬರುವಂತಹವರು ಬೇಕು. ಗ್ರಾಮ ಪಂಚಾಯಿತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ಈ ವಿಷಯವನ್ನು ಕಾರ್ಯಸೂಚಿಗೆ ತೆಗೆದುಕೊಂಡು, ಕಾನೂನು ನೆರವು ಕೇಂದ್ರಕ್ಕೆ ಕಚೇರಿಯಲ್ಲಿ ಒಂದು ಮೇಜು ಮತ್ತು ವಾರದಲ್ಲಿ ಒಂದು ದಿನವನ್ನು ಗೊತ್ತುಪಡಿಸಿ, ಜಿಲ್ಲಾ ಪ್ರಾಧಿಕಾರಕ್ಕೆ ಪತ್ರ ಬರೆಯಬಹುದು. ಸಂತೆಯ ದಿನವಾದರೆ ಜನರಿಗೆ ಇನ್ನೂ ಅನುಕೂಲ. ಸ್ವಯಂಸೇವಕರ ಹೆಸರು, ಹಾಜರಿರುವ ವೇಳೆ ಮತ್ತು ರಾಷ್ಟ್ರೀಯ ಉಚಿತ ಸಹಾಯವಾಣಿ 15100 ಇವುಗಳನ್ನು ಸೂಚನಾ ಫಲಕದಲ್ಲಿ ಬರೆಯಿಸಬೇಕು. ಓದಲು ಬಾರದವರಿಗಾಗಿ ಗ್ರಾಮ ಸಭೆಯಲ್ಲಿ ಓದಿ ಹೇಳಬೇಕು. ಸಮನ್ಸ್ ಬಂದವರು ಆ ಕಾಗದವನ್ನು ಲಕೋಟೆಯ ಸಮೇತ ತರಬೇಕು. ಅದು ಎಂದು ಕೈಸೇರಿತೆಂಬುದನ್ನು ಅದರ ಮೇಲೆಯೇ ಬರೆದಿಟ್ಟುಕೊಂಡಿರಬೇಕು.