ಕಾರಿಗೆ ವಯಸ್ಸಾಯಿತೋ, ಬುಶ್ ಸವೆಯಿತೋ?

ಹಂಪ್ ದಾಟುವಾಗ ಹಿಂದಿನಿಂದ ‘ಟಕ್’ ಅಂತ ಸದ್ದು ಬಂದ ಮಾತ್ರಕ್ಕೆ ಕಾರನ್ನು ಗುಜರಿಗೆ ಹಾಕಬೇಡಿ. ಸವೆದದ್ದು ಬುಶ್ ಇರಬಹುದು. ನನ್ನ ಹಳೆ ಮಾರುತಿ 800ರಲ್ಲಿ ಹಿಂದಿನ ಆಕ್ಸಲನ್ನು ಹಿಡಿದಿಡುವುದು ಉದ್ದಕ್ಕೆ ಎರಡು, ಅಡ್ಡಕ್ಕೆ ಒಂದು ಕಬ್ಬಿಣದ ರಾಡ್. ಅವುಗಳ ತುದಿಯಲ್ಲಿ ರಬ್ಬರ್ ಬುಶ್. ರಬ್ಬರ್ ಹರಿದರೆ ಆಕ್ಸಲ್ ಅತ್ತಿತ್ತ ಸರಿಯುತ್ತದೆ, ತಿರುವಿನಲ್ಲಿ ಕಾರಿನ ಹಿಂಭಾಗ ಎಳೆದಂತಾಗುತ್ತದೆ.

ನಮ್ಮ ಕೆಮ್ಮಣ್ಣಿನಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ. ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಬುಶ್ಶಿನೊಳಗೆ ಕಚ್ಚಿಕೊಂಡಿರುತ್ತದೆ. ಬುಶ್ ಹಾಕುವುದು ಸುಲಭ, ಬೋಲ್ಟ್ ಬಿಡಿಸುವುದೇ ಕೆಲಸ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಹಳೆ ಬುಶ್ಶನ್ನು ಪ್ರೆಸ್ಸಿನಲ್ಲೇ ತೆಗೆಸಿ, ಸುತ್ತಿಗೆ ಬೇಡ.

ಮುಖ್ಯ ವಿಷಯ ಇನ್ನೊಂದುಂಟು ಮಾರಾಯ್ರೇ. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿಯಬಾರದು. ಬಿಗಿದರೆ, ಕಾರು ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ನಂತರವೇ ಕೊನೆಯ ಬಿಗಿ. ಅವಸರದ ಗ್ಯಾರೇಜಿನಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಪಕ್ಕದಲ್ಲೇ ನಿಂತು ಹೇಳಿ.

ಇದರಲ್ಲಿ ರಾಜಕೀಯ ಎಲ್ಲಿ ಅಂತ ಕೇಳಬಹುದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. ಹಳೆ ಎಂಜಿನ್ ಹೆಚ್ಚು ಹೊಗೆ ಉಗುಳುತ್ತದೆ ಎಂಬ ವಾದ ಒಪ್ಪೋಣ. ಆದರೆ ಬುಶ್, ಬ್ರೇಕ್ ಎಲ್ಲ ಹೊಸದು ಹಾಕಿಸಿದವರಿಗೂ ಅದೇ ಶುಲ್ಕ, ಹೇಗೋ ಓಡಿಸುವವರಿಗೂ ಅದೇ. ಹೊಸ ಕಾರಿಗೆ ದುಡ್ಡಿಲ್ಲದೆ ಹಳೆಯದನ್ನೇ ರಿಪೇರಿ ಮಾಡಿಸಿಕೊಂಡು ಇರುವ ಮನೆಗೆ ಇದು ದಂಡವೇ. ಕಾರಿನಡಿ ಟಾರ್ಚ್ ಬಿಟ್ಟು, ಸರಳು ಹಾಕಿ ಬುಶ್ ಅಲುಗಾಡಿಸಿ ನೋಡಲಿ. ಶುಲ್ಕ ಅದಕ್ಕೆ ತಕ್ಕಂತೆ ಇರಲಿ.