ಫ್ರಾನ್ಸಿನ ಮೊದಲ ಚಿತ್ರಕರ್ಮಿಗಳು

ಎಡಿಸನ್ ಕಂಪನಿಯ ಕಿನೆಟೊಸ್ಕೋಪ್ 1894ರಲ್ಲೇ ಅಮೆರಿಕದಲ್ಲಿ ವ್ಯಾಪಾರಕ್ಕಿಳಿದಿತ್ತು. ಅದು ಪೆಟ್ಟಿಗೆಯ ಕಿಂಡಿಯಲ್ಲಿ ಒಬ್ಬೊಬ್ಬರೇ ಇಣುಕಿ ನೋಡುವ ಯಂತ್ರ. ಚಿತ್ರವನ್ನು ಪರದೆಯ ಮೇಲೆ ಬೀಳಿಸಿ, ಹತ್ತಾರು ಜನ ಒಟ್ಟಿಗೆ ಕೂತು ದುಡ್ಡು ಕೊಟ್ಟು ನೋಡುವ ಆಟಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಫ್ರಾನ್ಸಿನಲ್ಲಿ. ಲಿಯೋನ್ ನಗರದಲ್ಲಿ ಫೋಟೊ ಪ್ಲೇಟುಗಳ ಕಾರ್ಖಾನೆ ನಡೆಸುತ್ತಿದ್ದ ಮನೆತನದ ಓಗ್ಯುಸ್ತ್ ಮತ್ತು ಲೂಯಿ ಲೂಮಿಯೇರ್ ಸಹೋದರರು 1895ರ ಫೆಬ್ರುವರಿಯಲ್ಲಿ ಸಿನೆಮಟೋಗ್ರಾಫ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಚಿತ್ರ ತೆಗೆಯುವುದು, ಪ್ರಿಂಟ್ ಹಾಕುವುದು, ತೋರಿಸುವುದು ಮೂರೂ ಕೆಲಸ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತಿತ್ತು. ಕೈಯಲ್ಲಿ ಹಿಡಿ ತಿರುಗಿಸಿದರೆ ಸಾಕು. ಒಬ್ಬನೇ ಆಳು ಅದನ್ನು ಹೊತ್ತು ಊರೂರು ತಿರುಗಬಹುದಿತ್ತು.

ಅದೇ ವರ್ಷ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂ ಕಫೆಯ ನೆಲಮಾಳಿಗೆಯಲ್ಲಿ, ಒಂದು ಫ್ರಾಂಕ್ ಟಿಕೆಟ್ಟಿಗೆ, ಹತ್ತು ಚಿತ್ರಗಳು ತೆರೆ ಕಂಡವು. ಒಂದೊಂದೂ ಒಂದು ನಿಮಿಷದೊಳಗಿನದು: ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು, ಊಟ ಮಾಡುತ್ತಿರುವ ಮಗು, ತುಂಟ ಹುಡುಗನ ಕೀಟಲೆಯಿಂದ ಮುಖಕ್ಕೆ ನೀರು ಚಿಮ್ಮಿಸಿಕೊಳ್ಳುವ ತೋಟದವನು. ರೈಲು ಬರುವುದನ್ನು ಕಂಡು ಆ ದಿನ ಪ್ರೇಕ್ಷಕರು ಎದ್ದು ಓಡಿದರೆಂಬ ಕಥೆ ಎಲ್ಲೆಡೆ ಹಬ್ಬಿದೆ. ಆದರೆ ರೈಲಿನ ಚಿತ್ರ ಆ ದಿನದ ಪಟ್ಟಿಯಲ್ಲೇ ಇರಲಿಲ್ಲ. 1896ರ ಜುಲೈ 7ರಂದು ಇದೇ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. ಲೂಮಿಯೇರರಿಗೆ ಮಾತ್ರ ಸಿನಿಮಾದ ಮೋಹ ಬಹಳ ಕಾಲ ಉಳಿಯಲಿಲ್ಲ. ಅವರು ಬಣ್ಣದ ಛಾಯಾಚಿತ್ರದತ್ತ ಹೊರಳಿ, 1907ರಲ್ಲಿ ಆಟೊಕ್ರೋಮ್ ಪ್ಲೇಟುಗಳನ್ನು ಮಾರುಕಟ್ಟೆಗೆ ತಂದರು.

ಯಂತ್ರ ಮಾಡಿದವರು ಬಿಟ್ಟುಹೋದ ದಾರಿಯಲ್ಲಿ ಬಹುದೂರ ನಡೆದವರು ಜಾರ್ಜ್ ಮೆಲಿಯೆ. ಪ್ಯಾರಿಸ್ಸಿನಲ್ಲಿ ಜಾದೂ ನಾಟಕಶಾಲೆಯೊಂದರ ಒಡೆಯರಾಗಿದ್ದ ಅವರು ಗ್ರಾಂ ಕಫೆಯ ಪ್ರದರ್ಶನ ನೋಡಿ ಯಂತ್ರವನ್ನು ಕೊಳ್ಳಲು ಮುಂದಾದರು. ಲೂಮಿಯೇರ್ ಸಹೋದರರ ತಂದೆ ಮಾರಲೊಪ್ಪಲಿಲ್ಲ. ಮೆಲಿಯೆ ಲಂಡನ್ನಿನಿಂದ ಬೇರೊಂದು ಯಂತ್ರ ತರಿಸಿದರು. ಬೀದಿಯಲ್ಲಿ ಚಿತ್ರ ತೆಗೆಯುವಾಗ ಕ್ಯಾಮೆರಾ ಕ್ಷಣಕಾಲ ಸಿಕ್ಕಿಕೊಂಡಿತೆಂದೂ, ತೆರೆಯ ಮೇಲೆ ನೋಡಿದಾಗ ಬಸ್ಸು ಇದ್ದಕ್ಕಿದ್ದಂತೆ ಶವವಾಹನವಾಗಿತ್ತೆಂದೂ ಅವರೇ ಹೇಳಿಕೊಂಡಿದ್ದರು. ಕಥೆ ನಿಜವೋ ಅಲ್ಲವೋ, ಕ್ಯಾಮೆರಾ ನಿಲ್ಲಿಸಿ ವಸ್ತುವನ್ನು ಬದಲಿಸುವ ಆ ತಂತ್ರವೇ ಅವರ ಮಾಯಾಲೋಕದ ಕೀಲಿಯಾಯಿತು. ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರ ಮೂಡಿಸುವುದು, ದೃಶ್ಯವನ್ನು ನಿಧಾನ ಕರಗಿಸುವುದು, ಒಂದೊಂದು ಚೌಕಕ್ಕೂ ಕುಂಚದಿಂದ ಬಣ್ಣ ಹಚ್ಚಿಸುವುದು ಇವೆಲ್ಲ ಅವರ ಕೈಯಲ್ಲಿ ಪಳಗಿದವು. ಮೊಂತ್ರಯ್‌ನಲ್ಲಿ 1897ರಲ್ಲಿ ಗಾಜಿನ ಸ್ಟುಡಿಯೊ ಕಟ್ಟಿಸಿ, 1902ರಲ್ಲಿ ಚಂದ್ರಯಾನದ ಕಥೆಯನ್ನು ಹದಿಮೂರು ಹದಿನಾಲ್ಕು ನಿಮಿಷಗಳ ಚಿತ್ರವಾಗಿಸಿದರು. ಅಮೆರಿಕದಲ್ಲಿ ಅದರ ಕಳ್ಳಪ್ರತಿಗಳು ಧಾರಾಳವಾಗಿ ಓಡಿದವು, ಲಾಭ ಬೇರೆಯವರ ಪಾಲಾಯಿತು.

ಮೆಲಿಯೆಗೆ ದೊಡ್ಡ ಪೆಟ್ಟು ಬಿದ್ದದ್ದು ಸ್ವದೇಶದ ಮಾರುಕಟ್ಟೆಯಲ್ಲಿ. ಷಾರ್ಲ್ ಪಾತೆ ಚಿತ್ರ ತಯಾರಿಕೆಯನ್ನು ಕಾರ್ಖಾನೆಯ ಕೆಲಸವಾಗಿ ಬೆಳೆಸಿದರು. ಅಲ್ಲಿಯವರೆಗೆ ಪ್ರಿಂಟುಗಳನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು. ಜಾತ್ರೆಯ ಪ್ರದರ್ಶಕರು ಅವು ಸವೆಯುವತನಕ ಓಡಿಸುತ್ತಿದ್ದರು. 1907ರಲ್ಲಿ ಪಾತೆ ಮಾರಾಟ ನಿಲ್ಲಿಸಿ ಬಾಡಿಗೆ ಪದ್ಧತಿಗೆ ಹೊರಳಿದರು. ಒಂಟಿಯಾಗಿ ಕೆಲಸ ಮಾಡುವ ಮೆಲಿಯೆಯಂಥವರಿಗೆ ಈ ಓಟದಲ್ಲಿ ಉಳಿಗಾಲವಿರಲಿಲ್ಲ. ಪಾತೆಯಿಂದಲೇ ಸಾಲ ಮಾಡಿ ಕೈಸುಟ್ಟುಕೊಂಡ ಅವರು ಮುಂದೆ ಮೊಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರುತ್ತ ಬದುಕಿದರು.

ಗೋಮಾಂ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದ ಆಲಿಸ್ ಗೀ ಜಗತ್ತಿನ ಮೊದಲ ಮಹಿಳಾ ನಿರ್ದೇಶಕಿ. ಎಲೆಕೋಸಿನ ನಡುವಿನಿಂದ ಮಕ್ಕಳನ್ನು ಎತ್ತಿಕೊಡುವ ಯಕ್ಷಿಣಿಯ ಪುಟ್ಟ ಚಿತ್ರದಿಂದ ಆರಂಭಿಸಿ, ಕಂಪನಿಯ ಚಿತ್ರ ತಯಾರಿಕೆಯನ್ನೇ ವರ್ಷಗಟ್ಟಲೆ ನಡೆಸಿದರು. ಧ್ವನಿಮುದ್ರಿಕೆಗೆ ಹೊಂದಿಸಿದ ಹಾಡಿನ ಚಿತ್ರಗಳನ್ನೂ ತೆಗೆದರು. 1910ರಲ್ಲಿ ಅಮೆರಿಕದಲ್ಲಿ ಸೋಲಾಕ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಆದರೂ ಚರಿತ್ರೆಕಾರರು ಅವರ ಚಿತ್ರಗಳನ್ನು ಎಷ್ಟೋ ಕಾಲ ಗಂಡಸರ ಹೆಸರಿಗೆ ಬರೆದರು. ಇದು ಮರೆವಿಗಿಂತ ಹೆಚ್ಚಿನ ಅನ್ಯಾಯ.

ಇಂದಿನ ಕಂಪ್ಯೂಟರ್ ಚಮತ್ಕಾರಗಳ ಹಿಂದೆ ಮೆಲಿಯೆಯ ಜಾದೂ ಇದೆ, ಸಾಕ್ಷ್ಯಚಿತ್ರಗಳ ಹಿಂದೆ ಲೂಮಿಯೇರರ ಕಣ್ಣಿದೆ. ಪಾತೆ ಮತ್ತು ಗೋಮಾಂ ಕಂಪನಿಗಳು ಈಗಲೂ ಚಿತ್ರೋದ್ಯಮದಲ್ಲಿವೆ. ಮೆಲಿಯೆ 1923ರಲ್ಲಿ ಹತಾಶೆಯಿಂದ ತಮ್ಮ ನೆಗೆಟಿವ್‌ಗಳನ್ನು ಸುಟ್ಟುಹಾಕಿದರು. ಅವರ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಇಂದು ಉಳಿದಿರುವುದು ಅರ್ಧಕ್ಕಿಂತ ಕಡಿಮೆ.